ಏಳಕ್ಕೆ ಮನೆ ಸೇರಿ ಎಂಟೂಕಾಲಕ್ಕೆ ಹೋಟೆಲಿನಂಥ ಊಟ ಬಡಿಸಲು ಸಾಧ್ಯವೇ?

ಪ್ರಶ್ನೆ: ನಾನು, ನನ್ನ ಪತಿ ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಹನ್ನೊಂದು ಮತ್ತು ಆರು ವರ್ಷದ ಇಬ್ಬರು ಮಕ್ಕಳಿದ್ದಾರೆ. ಮನೆ ಸೇರುವಾಗ ಸಂಜೆ ಏಳಾಗಿರುತ್ತದೆ. ಎಂಟೂಕಾಲರೊಳಗೆ ಬಡಿಸದಿದ್ದರೆ ಮಕ್ಕಳು ಏನಾದರೂ ಕುರುಕಲು ತಿಂದು ಮಲಗಿಬಿಡುತ್ತಾರೆ. ದಿನವೂ ಅದೇ ಅಡುಗೆ ಎಂಬ ಬೇಸರಕ್ಕೆ ‘15 ನಿಮಿಷದಲ್ಲಿ ಹೋಟೆಲ್ ರುಚಿ’ ಎನ್ನುವ ವಿಡಿಯೊಗಳನ್ನು ನೋಡಿ ಮಾಡತೊಡಗಿದೆ. ಒಂದೂ ಒಂದೂವರೆ ಗಂಟೆಗಿಂತ ಮುಂಚೆ ಮುಗಿಯಲಿಲ್ಲ. ಅಣಬೆ, ಹೂಕೋಸು ಹುರಿದರೆ ನೀರು ಬಿಟ್ಟು ಬೆಂದಂತಾಗುತ್ತವೆ. ಮಗಳ ಹುಟ್ಟುಹಬ್ಬದ ದಿನ ಕೋಳಿಮಾಂಸಕ್ಕೆಂದು ಮಾಡಿದ ಕೆನೆಯ ಸಾಸ್ ಒಡೆದು ಮೊಸರಿನ ಗಡ್ಡೆಯಂತಾಯಿತು. ಕೊನೆಗೆ ಭಾನುವಾರವೇ ವಾರದ ಅಡುಗೆಯೆಲ್ಲ ಮಾಡಿ ಫ್ರಿಜ್ಜಿನಲ್ಲಿಡಲು ಶುರುಮಾಡಿದೆ. ಬುಧವಾರದ ಹೊತ್ತಿಗೆ ಎಲ್ಲಕ್ಕೂ ಒಂದೇ ಬಗೆಯ ಹಳಸಲು ರುಚಿ ಬರುತ್ತದೆ. ಒಮ್ಮೆ ರಾತ್ರಿಯಿಡೀ ಹೊರಗೇ ಉಳಿದ ಅನ್ನವನ್ನು ಚೆನ್ನಾಗಿ ಬಿಸಿಮಾಡಿ ಬಳಸಿದೆ, ಅದು ತಪ್ಪೇ? ಸಣ್ಣ ಬಿಸಿಯಲ್ಲಿ ಗಂಟೆಗಟ್ಟಲೆ ಬೇಯಿಸುವ ಸ್ಲೋ ಕುಕ್ಕರ್ ಕೊಂಡರೆ ಅನುಕೂಲವೇ? ನಮ್ಮಂಥವರು ಇಂಥ ಅಡುಗೆಯ ಆಸೆಯನ್ನೇ ಬಿಡಬೇಕೇ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೇಲುನೋಟಕ್ಕೆ ಇದು ಸಮಯದ ಪ್ರಶ್ನೆಯಂತೆ ಕಂಡರೂ ಅದರೊಳಗೆ ಮೂರು ತೊಡಕುಗಳು ಹೆಣೆದುಕೊಂಡಿವೆ. ಅಡುಗೆ ಹೇಳಿದ ಹೊತ್ತಿಗೆ ಮುಗಿಯುತ್ತಿಲ್ಲ. ಮುಗಿದರೂ ಬಯಸಿದ ರುಚಿ ಬರುತ್ತಿಲ್ಲ. ಮುಂಚಿತವಾಗಿ ಮಾಡಿಟ್ಟರೆ ರುಚಿ ಕೆಡುತ್ತದೆ, ಜೊತೆಗೆ ತಿನ್ನಲು ಯೋಗ್ಯವೋ ಅಲ್ಲವೋ ಎಂಬ ಅಳುಕು ಬೇರೆ. ಮೂರರ ಕಾರಣಗಳೂ ಬೇರೆಬೇರೆಯಾದ್ದರಿಂದ ಬಿಡಿಸಿಯೇ ನೋಡೋಣ. ಆಸೆಯನ್ನು ಬಿಡಬೇಕಾಗಿಲ್ಲ, ಆದರೆ ವಾರದ ಏಳು ದಿನವೂ ಅದನ್ನು ಸಾಧಿಸುವ ಹಟವನ್ನು ಮಾತ್ರ ಬಿಡಬೇಕಾದೀತು.

ನಾನು ಇಪ್ಪತ್ತೆರಡು ವರ್ಷ ಹೋಟೆಲುಗಳ ಅಡುಗೆಮನೆಯಲ್ಲಿ ದುಡಿದು, ಈಗ ಮನೆಯಡುಗೆ ಮಾಡುವವರಿಗೆ ಪಾಠ ಹೇಳುತ್ತಿದ್ದೇನೆ. ಹೊರಗಿನವರಿಗೆ ಕಾಣದ ಒಂದು ಸಂಗತಿಯನ್ನು ಮೊದಲಿಗೇ ಹೇಳಿಬಿಡುತ್ತೇನೆ. ಹೋಟೆಲಿನಲ್ಲಿ ನೀವು ಹೇಳಿದ ಹನ್ನೆರಡನೆಯ ನಿಮಿಷಕ್ಕೆ ತಟ್ಟೆ ಮೇಜಿಗೆ ಬರುತ್ತದೆ ಎಂದರೆ ಆ ಅಡುಗೆ ಹನ್ನೆರಡು ನಿಮಿಷದ್ದು ಎಂದರ್ಥವಲ್ಲ. ಸಂಜೆ ಆರು ಗಂಟೆಗೆ, ಇನ್ನೂ ಒಬ್ಬ ಗಿರಾಕಿಯೂ ಬಂದಿರದ ಹೊತ್ತಿನಲ್ಲಿ, ನನ್ನ ಒಲೆಯ ಪಕ್ಕದ ಕಟ್ಟೆಯ ಮೇಲೆ ಹದಿನಾರು ಸಣ್ಣ ಡಬ್ಬಿಗಳು ಸಾಲಾಗಿರುತ್ತಿದ್ದವು: ಕಂದುಬಣ್ಣಕ್ಕೆ ಬಾಡಿಸಿದ ಈರುಳ್ಳಿ, ನಾಲ್ಕು ಗಂಟೆ ಕುದಿಸಿ ಸೋಸಿದ ಮೂಳೆಯ ಸಾರ, ಉಪ್ಪು ಸವರಿ ಒಣಗಿಸಿದ ಮಾಂಸದ ತುಂಡುಗಳು, ಅರ್ಧ ಬೇಯಿಸಿ ತಣ್ಣೀರಿಗೆ ಹಾಕಿ ತೆಗೆದ ಹಸಿರು ಬೀನ್ಸ್, ಹೆಚ್ಚಿದ ಸೊಪ್ಪು, ಹುರಿದ ಬೀಜಗಳು. ಬೆಳಿಗ್ಗೆ ಹತ್ತರಿಂದ ಮೂವರು ಸೇರಿ ಮಾಡಿದ ಕೆಲಸ ಅದು. ಗಿರಾಕಿ ಹೇಳಿದ ಮೇಲೆ ಆಗುತ್ತಿದ್ದದ್ದು ಕೊನೆಯ ಹುರಿತ ಮತ್ತು ಜೋಡಣೆ ಮಾತ್ರ. ಆಧುನಿಕ ಹೋಟೆಲ್ ಅಡುಗೆಮನೆಗೆ ಈ ಶಿಸ್ತಿನ ಚೌಕಟ್ಟನ್ನು ಹಾಕಿಕೊಟ್ಟವರಲ್ಲಿ ಫ್ರಾನ್ಸಿನ ಬಾಣಸಿಗ ಆಗಸ್ಟ್ ಎಸ್ಕೋಫಿಯೆ (1846–1935) ಮುಖ್ಯರು. ಒಬ್ಬನೇ ಒಂದು ಖಾದ್ಯವನ್ನು ಆದಿಯಿಂದ ಅಂತ್ಯದವರೆಗೆ ಮಾಡುವ ಬದಲು ಕೆಲಸವನ್ನು ವಿಭಾಗಗಳಿಗೆ ಹಂಚಿದವರು ಅವರು. ಮನೆಯಲ್ಲಿ ನೀವು ಒಬ್ಬರೇ ಆ ಮೂವರ ಕೆಲಸವನ್ನೂ ಏಳು ಗಂಟೆಗೆ ಮೊದಲುಮಾಡುತ್ತೀರಿ. ತಡವಾಗುವುದರಲ್ಲಿ ಆಶ್ಚರ್ಯವಿಲ್ಲ.

ವಿಡಿಯೊಗಳ ಹದಿನೈದು ನಿಮಿಷ ಪೂರ್ತಿ ಸುಳ್ಳೆಂದು ಹೇಳಲಾರೆ, ಆದರೆ ಗಡಿಯಾರ ಓಡತೊಡಗುವುದು ತರಕಾರಿ ತೊಳೆದು, ಸಿಪ್ಪೆ ತೆಗೆದು, ಹೆಚ್ಚಿ, ಬಟ್ಟಲುಗಳಲ್ಲಿ ಇಟ್ಟ ಮೇಲೆ. ಅದಕ್ಕಿಂತ ದೊಡ್ಡ ತಪ್ಪು ಈರುಳ್ಳಿಯದು. ‘ಐದು ನಿಮಿಷ ಕಂದು ಬಣ್ಣ ಬರುವವರೆಗೆ ಬಾಡಿಸಿ’ ಎಂದು ಎಲ್ಲರೂ ಬರೆಯುತ್ತಾರೆ. ಐದು ನಿಮಿಷಕ್ಕೆ ಈರುಳ್ಳಿ ಮೆತ್ತಗಾಗುತ್ತದೆ, ಅಷ್ಟೇ. ಅದರ ಸಕ್ಕರೆಯ ಅಂಶವೆಲ್ಲ ಹದವಾಗಿ ಕಂದಿ, ಜೇನಿನ ಬಣ್ಣದಿಂದ ಬೆಲ್ಲದ ಬಣ್ಣಕ್ಕೆ ತಿರುಗಿ, ಆ ಗಾಢವಾದ ಸಿಹಿಮಿಶ್ರಿತ ರುಚಿ ಬರಲು ಸಣ್ಣ ಉರಿಯಲ್ಲಿ ನಲವತ್ತರಿಂದ ಐವತ್ತು ನಿಮಿಷ ಬೇಕು. ಉರಿ ಹೆಚ್ಚಿಸಿ ಆತುರಪಟ್ಟರೆ ಅಂಚು ಕರಕಲಾಗಿ ಒಳಗೆ ಹಸಿಯಾಗಿಯೇ ಉಳಿಯುತ್ತದೆ. ಚಿಟಿಕೆ ಅಡುಗೆ ಸೋಡಾ ಹಾಕಿದರೆ ಬಣ್ಣ ಬೇಗ ಬರುವುದು ನಿಜ, ಆದರೆ ಈರುಳ್ಳಿ ಕರಗಿ ಮುದ್ದೆಯಾಗುತ್ತದೆ. ಅರೆದು ಹಾಕುವ ಸಾಸಿಗೆ ಅದು ನಡೆದೀತು, ಮೇಲಲಂಕಾರಕ್ಕೆ ನಡೆಯದು. ಹಾಗಾಗಿ ಇದು ವಾರದ ದಿನದ ಕೆಲಸವೇ ಅಲ್ಲ. ಇಂಥವನ್ನು ಗುರುತಿಸಿ ಭಾನುವಾರಕ್ಕೆ ಸಾಗಿಸುವುದೇ ನಿಮ್ಮ ಮುಕ್ಕಾಲು ಪಾಲು ಪರಿಹಾರ.

ಇನ್ನು ರುಚಿಯ ವಿಚಾರ. ಹೋಟೆಲ್ ರುಚಿ ಎಂದರೆ ಹೆಚ್ಚು ಸಾಮಗ್ರಿ, ದುಬಾರಿ ಎಣ್ಣೆ, ಹೆಸರು ಕೇಳಿರದ ಮಸಾಲೆ ಎಂಬ ನಂಬಿಕೆ ಬಲವಾಗಿದೆ. ನನ್ನ ಅನುಭವದಲ್ಲಿ ಆ ರುಚಿಯ ಬಹುಪಾಲು ಮೇಲ್ಮೈ ಕಂದುಬಣ್ಣಕ್ಕೆ ತಿರುಗುವುದರಿಂದ ಬರುತ್ತದೆ. ಪ್ರೋಟೀನಿನ ಘಟಕಗಳಾದ ಅಮೈನೊ ಆಮ್ಲಗಳೂ ಸಕ್ಕರೆಗಳೂ ಬಿಸಿಯಲ್ಲಿ ಕೂಡಿ ನೂರಾರು ಹೊಸ ಪರಿಮಳಗಳನ್ನು ಹುಟ್ಟಿಸುವ ಈ ಕ್ರಿಯೆಯನ್ನು 1912ರಲ್ಲಿ ವಿವರಿಸಿದ ಫ್ರೆಂಚ್ ರಸಾಯನಶಾಸ್ತ್ರಜ್ಞ ಲೂಯಿ ಕಮೀಲ್ ಮಯಾರ್ ಅವರ ಹೆಸರಿನಲ್ಲೇ ಇದನ್ನು ಮಯಾರ್ ಕ್ರಿಯೆ ಎನ್ನುತ್ತಾರೆ. ಇದು ಚುರುಕಾಗುವುದು ಸುಮಾರು 140 ಡಿಗ್ರಿ ಸೆಲ್ಸಿಯಸ್‌ನ ಮೇಲೆ. ನೀರು ಇರುವಷ್ಟು ಹೊತ್ತು ಅಡುಗೆಯ ಮೇಲ್ಮೈ ನೀರಿನ ಕುದಿಬಿಂದುವಾದ 100 ಡಿಗ್ರಿಯನ್ನು ದಾಟುವುದಿಲ್ಲ. ನಿಮ್ಮ ಅಣಬೆ ಬೆಂದಂತಾದದ್ದಕ್ಕೆ ಕಾರಣ ಇಷ್ಟೇ: ಅಣಬೆಯ ತೂಕದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನೀರು, ಬಾಣಲೆ ಚಿಕ್ಕದು, ಒಮ್ಮೆಗೇ ಸುರಿದದ್ದು ಹೆಚ್ಚು.

ಮುಂದಿನ ಸಲ ಹೀಗೆ ಮಾಡಿ ನೋಡಿ. ತಳ ದಪ್ಪಗಿರುವ, ಅಡ್ಡಳತೆ 28 ಸೆಂಟಿಮೀಟರಿಗೆ ಕಡಿಮೆಯಿಲ್ಲದ ಬಾಣಲೆಯನ್ನು ಒಲೆಗೇರಿಸಿ ಮೂರು ನಿಮಿಷ ಕಾಯಿಸಿ. (ಅಂಟದಂತೆ ಲೇಪ ಹಾಕಿದ ಬಾಣಲೆಯಾದರೆ ಖಾಲಿಯಾಗಿ ಕಾಯಿಸಬೇಡಿ, ಎಣ್ಣೆ ಹಾಕಿಯೇ ಬಿಸಿಮಾಡಿ.) ಅಣಬೆಯನ್ನು ತೊಳೆಯಬಾರದು ಎನ್ನುವುದು ಇನ್ನೊಂದು ಕಟ್ಟುಕಥೆ, ಬೇಗ ತೊಳೆದು ಬಟ್ಟೆಯಲ್ಲಿ ಒತ್ತಿ ಒರೆಸಿದರೆ ಅದು ಹೀರುವ ನೀರು ಅತ್ಯಲ್ಪ. ಕಾದ ಎಣ್ಣೆಗೆ ಒಂದೇ ಪದರವಾಗಿ, ಒಂದಕ್ಕೊಂದು ತಾಗದಂತೆ ಹರಡಿ, ಕೈ ಕಟ್ಟಿ ನಿಲ್ಲಿ. ಮೊದಲು ಜೋರಾಗಿ ಬುಸುಗುಡುವ ಸದ್ದು ಕೇಳುತ್ತದೆ, ಹಬೆ ಏಳುತ್ತದೆ. ಅದು ನೀರು ಹೋಗುತ್ತಿರುವ ಸದ್ದು. ನಾಲ್ಕೈದು ನಿಮಿಷದಲ್ಲಿ ಹಬೆ ತೆಳುವಾಗಿ, ಆ ಬುಸುಗುಡುವಿಕೆ ಚಿಟಪಟ ಎನ್ನುವ ಒಣ ಸದ್ದಿಗೆ ತಿರುಗುತ್ತದೆ, ಅದೇ ಗಳಿಗೆಗೆ ಸುಟ್ಟ ಬೀಜದಂಥ ಪರಿಮಳ ಮೂಗಿಗೆ ಬರುತ್ತದೆ. ಒಂದನ್ನು ಮಗುಚಿ ನೋಡಿ. ತಳ ಬೆಲ್ಲದ ಬಣ್ಣಕ್ಕೆ ಬಂದಿದ್ದರೆ ಉಳಿದವನ್ನೂ ಮಗುಚಿ, ಆಗ ಉಪ್ಪು ಹಾಕಿ. ಮೊದಲೇ ಸೌಟಿನಿಂದ ಕೆದಕುತ್ತಿದ್ದರೆ ಈ ಸದ್ದು ಎಂದೂ ಬರುವುದಿಲ್ಲ. ಅರ್ಧ ಕಿಲೋ ಅಣಬೆಯನ್ನು ಎರಡು ಸರದಿಯಲ್ಲಿ ಹುರಿಯುವುದು, ಒಂದೇ ಸಲ ಸುರಿದು ನೀರು ಇಂಗಲೆಂದು ಕಾಯುವುದಕ್ಕಿಂತ ಹೆಚ್ಚು ಹೊತ್ತು ತಿನ್ನುವುದೂ ಇಲ್ಲ. ಹೂಕೋಸಿಗೂ ಇದೇ ಮಾತು. ಅದಕ್ಕೆ ಓವನ್ನೋ ಏರ್ ಫ್ರೈಯರೋ ಇದ್ದರೆ 220 ಡಿಗ್ರಿಯಲ್ಲಿ ಅದರ ಪಾಡಿಗೆ ಬಿಟ್ಟುಬಿಡಬಹುದು.

ಮಾಂಸವನ್ನು ಜೋರು ಉರಿಯಲ್ಲಿ ಕಂದಿಸಿದರೆ ರಸ ಒಳಗೇ ಮುಚ್ಚಿಕೊಳ್ಳುತ್ತದೆ ಎಂಬ ಮಾತನ್ನೂ ನೀವು ಕೇಳಿರುತ್ತೀರಿ. 19ನೆಯ ಶತಮಾನದಲ್ಲಿ ಜರ್ಮನ್ ರಸಾಯನಶಾಸ್ತ್ರಜ್ಞ ಯುಸ್ಟಸ್ ಫಾನ್ ಲೀಬಿಗ್ ಅವರಿಂದ ಪ್ರಚಾರ ಪಡೆದ ಈ ವಿಚಾರ ತಪ್ಪೆಂದು ಎಂದೋ ಸಾಬೀತಾಗಿದೆ. ಕಂದಿಸುವುದು ರುಚಿಗೆ; ರಸ ಉಳಿಯುವುದು ಒಳಗಿನ ಶಾಖ ಮಿತಿಮೀರದಿದ್ದರೆ, ಮತ್ತು ಉಪ್ಪು ಮೊದಲೇ ಹಿಡಿದಿದ್ದರೆ. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಒಂದು ಕಿಲೋ ಕೋಳಿಮಾಂಸಕ್ಕೆ ಸುಮಾರು ಹತ್ತು ಗ್ರಾಂ, ಅಂದರೆ ಎರಡು ಸಣ್ಣ ಚಮಚದಷ್ಟು, ಉಪ್ಪು ಸವರಿ, ಮುಚ್ಚಿ ಫ್ರಿಜ್ಜಿನ ಕೆಳಗಿನ ಹಲಗೆಯಲ್ಲಿಡಿ. ಉಪ್ಪು ಮೊದಲು ನೀರನ್ನು ಹೊರಗೆಳೆಯುತ್ತದೆ, ಆ ಉಪ್ಪುನೀರು ಗಂಟೆಗಳಲ್ಲಿ ಮತ್ತೆ ಒಳಗೆ ಇಳಿಯುತ್ತದೆ, ಸ್ನಾಯುವಿನ ಪ್ರೋಟೀನು ಸಡಿಲಗೊಂಡು ಬೇಯುವಾಗ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಬೆಳಿಗ್ಗೆ ಮರೆತಿರೋ, ಬಾಣಲೆಗೆ ಹಾಕುವ ಗಳಿಗೆಯಲ್ಲೇ ಹಾಕಿ. ಹತ್ತು ಹದಿನೈದು ನಿಮಿಷ ಮುಂಚೆ ಹಾಕುವುದು ಎಲ್ಲಕ್ಕಿಂತ ಕೆಟ್ಟದ್ದು, ಆಗ ಮೇಲ್ಮೈ ಒದ್ದೆಯಾಗಿ ಬಣ್ಣವೇ ಹಿಡಿಯುವುದಿಲ್ಲ. ಹಸಿ ಕೋಳಿಮಾಂಸವನ್ನು ನಲ್ಲಿಯಡಿ ತೊಳೆಯುವ ಅಭ್ಯಾಸವಿದ್ದರೆ ಬಿಡುವುದು ಒಳ್ಳೆಯದು. ರೋಗಾಣುಗಳು ನೀರಿನ ಹನಿಗಳೊಂದಿಗೆ ಸಿಂಕಿನ ಸುತ್ತ ಹರಡುತ್ತವೆ, ಅವನ್ನು ಕೊಲ್ಲುವ ಕೆಲಸವನ್ನು ಒಲೆ ಹೇಗೂ ಮಾಡುತ್ತದೆ.

ತಟ್ಟೆಗೆ ಬಂದ ಅಡುಗೆ ಎಲ್ಲ ಸರಿಯಿದ್ದೂ ಸಪ್ಪೆ ಎನಿಸಿದರೆ ಮಸಾಲೆ ಸುರಿಯುವ ಮುನ್ನ ಎರಡನ್ನು ಪರೀಕ್ಷಿಸಿ. ಮೊದಲನೆಯದು ಉಪ್ಪು, ಅದು ಕಹಿಯನ್ನು ಅಡಗಿಸುವುದರಿಂದ ಉಳಿದ ರುಚಿಗಳು ಎದ್ದು ಕಾಣುತ್ತವೆ. ಎರಡನೆಯದು ಹುಳಿ, ಮನೆಯಡುಗೆಯಲ್ಲಿ ಹೆಚ್ಚಾಗಿ ಕೊರತೆಯಾಗುವುದು ಇದೇ. ಒಲೆಯಿಂದ ಇಳಿಸಿದ ಮೇಲೆ ಅರ್ಧ ಚಮಚ ನಿಂಬೆರಸ ಹಿಂಡಿ ಮತ್ತೆ ರುಚಿ ನೋಡಿ, ವ್ಯತ್ಯಾಸ ನಿಮಗೇ ತಿಳಿಯುತ್ತದೆ. ಇವೆರಡೂ ಸರಿಯಿದ್ದು ಇನ್ನೂ ಏನೋ ತೆಳುವೆನಿಸಿದರೆ ಅದು ಉಮಾಮಿಯ, ಅಂದರೆ ಮಾಂಸದ ಸಾರಿನಂಥ ತುಂಬಿದ ರುಚಿಯ, ಕೊರತೆ. 1908ರಲ್ಲಿ ಜಪಾನಿನ ರಸಾಯನಶಾಸ್ತ್ರಜ್ಞ ಕಿಕುನೆ ಇಕೆಡ ಸಮುದ್ರಪಾಚಿಯ ಸಾರದಲ್ಲಿ ಗುರುತಿಸಿದ ಈ ರುಚಿಗೆ ಗ್ಲುಟಮೇಟ್ ಎಂಬ ಅಂಶ ಕಾರಣ. ಮಾಗಿದ ಟೊಮೆಟೊ, ಹಳೆಯ ಚೀಸ್, ಸೋಯಾ ಸಾಸ್‌ಗಳಲ್ಲಿ ಅದು ಧಾರಾಳವಾಗಿದೆ. ಒಣ ಶಿಟಾಕೆ ಅಣಬೆಯಲ್ಲಿರುವ ಇನ್ನೊಂದು ಅಂಶ ಗ್ಲುಟಮೇಟಿನ ಜೊತೆ ಸೇರಿದಾಗ ಎರಡರ ಮೊತ್ತಕ್ಕಿಂತ ಎಷ್ಟೋ ಪಟ್ಟು ಗಾಢವಾದ ರುಚಿ ಬರುತ್ತದೆ. ಎರಡು ಒಣ ಅಣಬೆಯನ್ನು ಪುಡಿಮಾಡಿ ಟೊಮೆಟೊ ಸಾಸಿಗೆ ಬೆರೆಸಿದರೆ ಒಂದು ಗಂಟೆಯ ಕುದಿತವನ್ನು ಉಳಿಸಿದಂತೆ.

ಈಗ ನಿಮ್ಮ ಭಾನುವಾರದ ಪ್ರಯೋಗಕ್ಕೆ ಬರುತ್ತೇನೆ, ಏಕೆಂದರೆ ದಾರಿ ಸರಿಯಿದ್ದೂ ನೀವು ಎಡವಿರುವುದು ಅಲ್ಲಿಯೇ. ಬುಧವಾರದ ಆ ‘ಒಂದೇ ಬಗೆಯ ಹಳಸಲು ರುಚಿ’ ನಿಮ್ಮ ಕಲ್ಪನೆಯಲ್ಲ. ಬೆಂದ ಮಾಂಸದಲ್ಲಿರುವ ಕಬ್ಬಿಣದ ಅಂಶದ ದೆಸೆಯಿಂದ ಅದರ ಕೊಬ್ಬು ಗಾಳಿಯ ಆಮ್ಲಜನಕದೊಂದಿಗೆ ಬೆರೆತು, ಒಂದೆರಡು ದಿನದೊಳಗೆ ಹಳೆಯ ರಟ್ಟಿನಂಥ ವಾಸನೆ ಹುಟ್ಟುತ್ತದೆ. ಮತ್ತೆ ಬಿಸಿ ಮಾಡಿದಾಗ ಅದು ಎದ್ದು ಬರುತ್ತದೆ. ಹಸಿರು ತರಕಾರಿಗೆ ಬಣ್ಣ ಕೊಡುವ ಪತ್ರಹರಿತ್ತು ಶಾಖ ಮತ್ತು ಹುಳಿಯಿಂದ ತನ್ನ ಮೆಗ್ನೀಸಿಯಂ ಕಳೆದುಕೊಂಡು ಕಂದುಹಸಿರಾಗುತ್ತದೆ. ಅನ್ನದ ಪಿಷ್ಟ ಫ್ರಿಜ್ಜಿನ ತಂಪಿನಲ್ಲಿ ಗಟ್ಟಿಗಟ್ಟುತ್ತದೆ. ಹುರಿದ ಗರಿ ಪದರಗಳು ಒಳಗಿನ ತೇವವನ್ನು ಹೀರಿ ಮೆತ್ತಗಾಗುತ್ತವೆ. ಇಂಥ ಅಡುಗೆಗಳನ್ನೆಲ್ಲ ಪೂರ್ತಿ ಮುಗಿಸಿ ಡಬ್ಬಿಗೆ ತುಂಬಿದರೆ ಐದು ದಿನದ ನಂತರ ಬೇರೆ ಏನಾಗಲು ಸಾಧ್ಯ?

ಭಾನುವಾರ ಊಟವನ್ನು ಮಾಡಿಡಬೇಡಿ, ಊಟದ ಅಡಿಪಾಯವನ್ನು ಮಾಡಿಡಿ. ಕಾದರೂ ಕೆಡದ, ಕೆಲವೊಮ್ಮೆ ಕಾದಷ್ಟೂ ರುಚಿಗಟ್ಟುವ ಪದಾರ್ಥಗಳಿವೆ. ಒಂದೂವರೆ ಕಿಲೋ ಈರುಳ್ಳಿಯನ್ನು ದೊಡ್ಡ ಪಾತ್ರೆಯಲ್ಲಿ ಹಾಕಿ, ನೀವು ಬಟ್ಟೆ ಮಡಿಸುತ್ತಲೋ ಮಕ್ಕಳ ಲೆಕ್ಕ ನೋಡುತ್ತಲೋ ಇರುವಾಗ ಒಂದು ಗಂಟೆ ಬಾಡಲು ಬಿಡಿ, ನಡುನಡುವೆ ಬಂದು ಕೈಯಾಡಿಸಿ. ಅದರಲ್ಲಿ ಅರ್ಧವನ್ನು ಹಾಗೆಯೇ, ಇನ್ನರ್ಧವನ್ನು ಟೊಮೆಟೊ ಜೊತೆ ಕುದಿಸಿ, ಎರಡು ಸೆಂಟಿಮೀಟರ್ ದಪ್ಪಕ್ಕೆ ಚೀಲಗಳಲ್ಲಿ ಹರಡಿ ಫ್ರೀಜರಿನಲ್ಲಿಟ್ಟರೆ ಬೇಕಾದಷ್ಟೇ ಮುರಿದು ತೆಗೆಯಬಹುದು. ಒಂದು ಪಾತ್ರೆ ಬೇಯಿಸಿದ ಕಾಳು. ವಿನೆಗರ್, ಉಪ್ಪು, ಚಿಟಿಕೆ ಸಕ್ಕರೆಯಲ್ಲಿ ನೆನೆಸಿದ ತೆಳು ಈರುಳ್ಳಿ, ಇದು ಫ್ರಿಜ್ಜಿನಲ್ಲಿ ವಾರವಿಡೀ ಚೆನ್ನಾಗಿರುತ್ತದೆ. ಹುರಿದ ಬೀಜಗಳ ಒಂದು ಶೀಸೆ. ಸೊಪ್ಪು, ಎಣ್ಣೆ, ನಿಂಬೆ ಸೇರಿಸಿ ರುಬ್ಬಿದ ಹಸಿರು ಸಾಸ್. ಇಷ್ಟಾದರೆ ಸಾಕು, ಒಟ್ಟು ಎರಡು ಗಂಟೆಯ ಕೆಲಸ, ಅದರಲ್ಲೂ ನಿಮ್ಮ ಕೈ ಬೇಕಾದದ್ದು ಮುಕ್ಕಾಲು ಗಂಟೆ. ಒಂದು ಎಚ್ಚರ ಮಾತ್ರ ಅಗತ್ಯ: ಎಣ್ಣೆಯಲ್ಲಿ ಮುಳುಗಿದ ಹಸಿ ಬೆಳ್ಳುಳ್ಳಿಯನ್ನು ಹೊರಗಿಡಬಾರದು. ಗಾಳಿಯಿಲ್ಲದ ಆ ಎಣ್ಣೆಯೊಳಗೆ ಬಾಟುಲಿಸಂ ಎಂಬ ಮಾರಕ ವಿಷಬಾಧೆಯ ರೋಗಾಣು ಬೆಳೆಯಬಲ್ಲದು, ವಾಸನೆಯಿಂದ ಅದು ತಿಳಿಯುವುದೂ ಇಲ್ಲ. ಬೆಳ್ಳುಳ್ಳಿ ಹಾಕಿದ ಹಸಿರು ಸಾಸನ್ನು ಫ್ರಿಜ್ಜಿನಲ್ಲಿಟ್ಟು ನಾಲ್ಕು ದಿನದೊಳಗೆ ಮುಗಿಸಿ, ಇಲ್ಲವೇ ಫ್ರೀಜರಿನಲ್ಲಿ ಐಸ್ ಟ್ರೇಗೆ ಹಾಕಿ ಗಟ್ಟಿಮಾಡಿಡಿ.

ಒಂದು ಸಂಜೆಯ ಲೆಕ್ಕವನ್ನು ಬಿಡಿಸಿ ಹೇಳುತ್ತೇನೆ. ಏಳೂ ಹತ್ತಕ್ಕೆ ಅನ್ನ ಒಲೆಯ ಮೇಲೆ, ಪಕ್ಕದಲ್ಲಿ ಬಾಣಲೆ ಕಾಯುತ್ತಿರುತ್ತದೆ. ಬೆಳಿಗ್ಗೆ ಉಪ್ಪು ಸವರಿದ, ಮೂಳೆಯಿಲ್ಲದ ಕೋಳಿತೊಡೆಯ ತುಂಡುಗಳನ್ನು ಒರೆಸಿ ಬಾಣಲೆಗಿಟ್ಟು ಆರೇಳು ನಿಮಿಷ ಮುಟ್ಟದೆ ಬಿಡಿ. ಆ ಹೊತ್ತಿನಲ್ಲಿ ಬೀನ್ಸ್ ತೊಟ್ಟು ತೆಗೆಯಬಹುದು. ಮಗುಚಿ ಇನ್ನೈದಾರು ನಿಮಿಷ. ಒಳಗಿನ ಶಾಖ 74 ಡಿಗ್ರಿ ತಲುಪಬೇಕು. ಮಾಂಸಕ್ಕೆ ಚುಚ್ಚುವ ಥರ್ಮಾಮೀಟರ್ ಒಂದಿದ್ದರೆ ಊಹೆಯ ಕೆಲಸವಿಲ್ಲ. ತುಂಡುಗಳನ್ನು ತಟ್ಟೆಗೆ ತೆಗೆದ ಮೇಲೆ ಬಾಣಲೆಯ ತಳಕ್ಕೆ ಹಿಡಿದ ಕಂದು ಪದರವನ್ನು ಸುಟ್ಟದ್ದೆಂದು ತಿಳಿದು ತೊಳೆದುಬಿಡಬೇಡಿ, ಇಡೀ ಅಡುಗೆಯ ಸಾರ ಅಲ್ಲಿದೆ. ಪೂರ್ತಿ ಕಪ್ಪಾಗಿದ್ದರೆ ಮಾತ್ರ ಅದು ಕಹಿ. ಅರ್ಧ ಲೋಟ ನೀರೋ ಸಾರವೋ ಹುಯ್ದು ಮರದ ಸೌಟಿನಿಂದ ಕೆರೆದರೆ ಅದು ಕರಗಿ ಕಡುಗಂದು ರಸವಾಗುತ್ತದೆ. ಫ್ರೀಜರಿನಿಂದ ಮುರಿದ ಈರುಳ್ಳಿಯ ತುಣುಕನ್ನು ಹಾಕಿ, ರಸ ಅರ್ಧಕ್ಕೆ ಇಳಿದ ಮೇಲೆ ಉರಿ ಆರಿಸಿ, ತಣ್ಣಗಿನ ಬೆಣ್ಣೆಯ ಎರಡು ತುಣುಕು ಹಾಕಿ ಬಾಣಲೆಯನ್ನು ಕುಲುಕಿದರೆ ಸಾಸ್ ಹೊಳಪೇರಿ ದಪ್ಪವಾಗುತ್ತದೆ. ಉಪ್ಪು ಕೊನೆಗೆ, ಮೊದಲೇ ಹಾಕಿದರೆ ರಸ ಇಳಿದಂತೆ ಉಪ್ಪು ಏರುತ್ತದೆ. ಬೀನ್ಸಿಗೆ ಕುದಿಯುವ ಉಪ್ಪುನೀರಿನಲ್ಲಿ ನಾಲ್ಕು ನಿಮಿಷ, ಮುಚ್ಚಳವಿಲ್ಲದೆ. ಮೇಲೆ ಹುರಿದ ಬೀಜ, ವಿನೆಗರಿನ ಈರುಳ್ಳಿ. ಎಂಟಕ್ಕೆ ಮುಂಚೆಯೇ ಮುಗಿದಿರುತ್ತದೆ. ಮಾಂಸ ಬೇಡವೆಂದಾದರೆ ಅಣಬೆಯಿಂದ ಇದೇ ಸಾಸ್ ಇಷ್ಟೇ ಚೆನ್ನಾಗಿ ಆಗುತ್ತದೆ.

ಈ ದಾರಿಯೂ ಎಲ್ಲರಿಗೂ ಹೊಂದುತ್ತದೆ ಎನ್ನಲಾರೆ. ಭಾನುವಾರದ ಎರಡು ಗಂಟೆಯೂ ಸಿಗದ ಮನೆಗಳಿವೆ. ಅಂಥವರು ವಾರದಲ್ಲಿ ಎರಡು ಸಂಜೆ ಮಾತ್ರ ಇಂಥ ಅಡುಗೆ ಮಾಡಿ ಉಳಿದ ದಿನ ಸರಳವಾಗಿ ಉಣ್ಣುವುದರಲ್ಲಿ ಯಾವ ಕೊರತೆಯೂ ಇಲ್ಲ; ನನ್ನ ಮನೆಯಲ್ಲೂ ನಡೆಯುವುದು ಹಾಗೆಯೇ. ಹೋಟೆಲ್ ಕೆಲಸ ಬಿಟ್ಟ ಮೊದಲ ವರ್ಷ ನಾನು ದಿನವೂ ಮೂರು ಬಗೆ ಮಾಡಲು ಹೋಗಿ, ರಾತ್ರಿ ಹತ್ತಕ್ಕೆ ಬಡಿಸಿ, ನಿದ್ದೆಗಣ್ಣಿನ ಮಗನಿಗೆ ಬರೀ ಬ್ರೆಡ್ ತಿನ್ನಿಸಿ ಮಲಗಿಸಿದ ದಿನಗಳಿವೆ. ಸಿದ್ಧ ಸಾಸಿನ ಶೀಸೆಗಳು ಮೂರನೆಯ ದಾರಿ. ಅವನ್ನು ಕಂಡು ಮೂಗು ಮುರಿಯುವವನು ನಾನಲ್ಲ, ಆದರೆ ಉಪ್ಪಿನ ಪ್ರಮಾಣ ಓದಿ ಕೊಳ್ಳಿ. ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ, ಮಕ್ಕಳಿಗೆ ಅದಕ್ಕಿಂತಲೂ ಕಡಿಮೆ. ಕೆಲವು ಸಾಸುಗಳ ಒಂದು ದೊಡ್ಡ ಚಮಚದಲ್ಲೇ ಅದರ ಗಣನೀಯ ಪಾಲು ಹೋಗಿಬಿಡುತ್ತದೆ. ಫ್ರೀಜರಿನ ತರಕಾರಿಯ ಬಗ್ಗೆ ಮಾತ್ರ ಅನಗತ್ಯ ತಿರಸ್ಕಾರವಿದೆ. ಬಟಾಣಿ, ಮೆಕ್ಕೆಜೋಳಗಳನ್ನು ಕೊಯ್ದ ಕೆಲವೇ ಗಂಟೆಗಳಲ್ಲಿ ಬಿಸಿನೀರಲ್ಲಿ ಅದ್ದಿ ಗಡ್ಡೆಕಟ್ಟಿಸುವುದರಿಂದ ಪೋಷಕಾಂಶ ತಾಜಾ ತರಕಾರಿಗೆ ಸರಿಸಮವಾಗಿಯೇ ಉಳಿಯುತ್ತದೆ. ಕರಗಿಸಲು ಹೊರಗಿಡದೆ ನೇರವಾಗಿ ಬಾಣಲೆಗೆ ಹಾಕಿ, ಅಷ್ಟೇ.

ಸ್ಲೋ ಕುಕ್ಕರ್ ಬಗ್ಗೆ ಕೇಳಿದ್ದೀರಿ. ಬೆಳಿಗ್ಗೆ ಹಾಕಿ ಸಂಜೆ ತೆಗೆಯುವ ಅನುಕೂಲ ನಿಜ, ಗಟ್ಟಿ ಮಾಂಸ ಮೆದುವಾಗುವುದೂ ನಿಜ. ಆದರೆ ಅದರೊಳಗೆ ಏನೂ ಕಂದುವುದಿಲ್ಲ, ನೀರು ಆವಿಯಾಗುವುದಿಲ್ಲ, ಆದ್ದರಿಂದ ರುಚಿ ತೆಳುವಾಗಿಯೇ ಇರುತ್ತದೆ. ಮಾಂಸವನ್ನು ಮೊದಲು ಬಾಣಲೆಯಲ್ಲಿ ಕಂದಿಸಿ ಹಾಕಬೇಕು. ಬೆಳಗಿನ ಗಡಿಬಿಡಿಯಲ್ಲಿ ಅದನ್ನು ಎಷ್ಟು ಜನ ಮಾಡುತ್ತಾರೋ ಕಾಣೆ. ಇದಕ್ಕಿಂತ ಮುಖ್ಯವಾದ ಅಪಾಯ ಒಂದಿದೆ. ಹಸಿ ರಾಜ್ಮಾದಲ್ಲಿ ಲೆಕ್ಟಿನ್ ಜಾತಿಯ ವಿಷವಿರುತ್ತದೆ, ಸ್ಲೋ ಕುಕ್ಕರಿನ ಸಣ್ಣ ಬಿಸಿ ಅದನ್ನು ನಾಶಮಾಡಲಾರದು, ಕೆಲವು ಕಾಳು ತಿಂದರೂ ತೀವ್ರ ವಾಂತಿಯಾಗಬಹುದು. ಐದು ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಮೂವತ್ತು ನಿಮಿಷ ಗಳಗಳ ಕುದಿಸಿದ ಮೇಲೆಯೇ ಅದರಲ್ಲಿ ಹಾಕಬೇಕು. ನನ್ನನ್ನು ಕೇಳಿದರೆ ಪ್ರೆಷರ್ ಕುಕ್ಕರೇ ಮೇಲು. 1679ರಲ್ಲಿ ಡೆನಿ ಪಾಪಾಂ ಎಂಬ ಫ್ರೆಂಚ್ ವಿಜ್ಞಾನಿ ಮೂಳೆಗಳನ್ನು ಮೆದುವಾಗಿಸಲು ಕಂಡುಹಿಡಿದ ಈ ಪಾತ್ರೆಯಲ್ಲಿ ಶಾಖ 120 ಡಿಗ್ರಿಯ ಹತ್ತಿರಕ್ಕೆ ಏರುವುದರಿಂದ ಮೂರು ಗಂಟೆಯ ಕೆಲಸ ಮುಕ್ಕಾಲು ಗಂಟೆಗೆ ಇಳಿಯುತ್ತದೆ, ಕಾಳಿನ ವಿಷದ ಭಯವೂ ಇಲ್ಲ. ಹಣ ಖರ್ಚು ಮಾಡುವುದಾದರೆ ಅಗಲವಾದ ದಪ್ಪ ಬಾಣಲೆ, ಹರಿತವಾದ ಒಂದು ಚಾಕು, ಥರ್ಮಾಮೀಟರ್. ಮಿಕ್ಕದ್ದು ಕಾಯಬಹುದು.

ಮಕ್ಕಳ ವಿಷಯವನ್ನು ನೀವು ಹೆಚ್ಚು ಬರೆದಿಲ್ಲ, ಆದರೂ ಊಹಿಸಬಲ್ಲೆ. ಮಕ್ಕಳಿಗೆ ಕಹಿ ದೊಡ್ಡವರಿಗಿಂತ ಹೆಚ್ಚು ತಾಗುತ್ತದೆ, ಹೊಸ ರುಚಿಯನ್ನು ಒಪ್ಪಿಕೊಳ್ಳಲು ಅವರಿಗೆ ಹಲವು ಸಲ, ಹತ್ತಕ್ಕೂ ಹೆಚ್ಚು ಬಾರಿ ಬೇಕಾಗಬಹುದು. ಅವರಿಗಾಗಿ ಇನ್ನೊಂದು ಅಡುಗೆ ಮಾಡುವ ಬದಲು ಇದೇ ಅಡುಗೆಯನ್ನು ಬಿಡಿಬಿಡಿಯಾಗಿ ಬಡಿಸಿ: ಸಾಸ್ ಬೇರೆ ಬಟ್ಟಲಲ್ಲಿ, ಕೋಳಿಮಾಂಸ ಬೇರೆ, ಖಾರ ಮೇಜಿನ ಮೇಲೆ. ಆರು ವರ್ಷದವನು ಸಾಸಿನಲ್ಲಿ ಬೆರಳದ್ದಿ ನೋಡಿದರೂ ಅದು ಒಂದು ಸಲವೆಂದೇ ಲೆಕ್ಕ.

ರಾತ್ರಿಯಿಡೀ ಹೊರಗಿದ್ದ ಅನ್ನವನ್ನು ಬಳಸಿದ್ದು ತಪ್ಪೇ ಎಂದರೆ, ಹೌದು. ಇದನ್ನು ನೇರವಾಗಿ ಹೇಳುವುದು ನನ್ನ ಕರ್ತವ್ಯ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳಿರುವುದು ಸಾಮಾನ್ಯ; ಅವು ಅನ್ನ ಬೇಯುವ ಶಾಖದಲ್ಲೂ ಬದುಕುಳಿದು, ಅನ್ನ ಬೆಚ್ಚಗೆ ಹೊರಗೇ ಇದ್ದರೆ ಮೊಳೆತು ವಿಷ ಸ್ರವಿಸುತ್ತವೆ. ಆ ವಿಷ ಮತ್ತೆ ಬಿಸಿಮಾಡುವುದರಿಂದ ನಾಶವಾಗುವುದಿಲ್ಲ. ಏನೂ ಆಗದಿದ್ದದ್ದು ನಿಮ್ಮ ಅದೃಷ್ಟ. ಯಾವುದೇ ಬೆಂದ ಆಹಾರ 5ರಿಂದ 60 ಡಿಗ್ರಿಯ ನಡುವೆ ಎರಡು ಗಂಟೆಗಿಂತ ಹೆಚ್ಚು ಇರಬಾರದು. ದೊಡ್ಡ ಪಾತ್ರೆಯನ್ನು ಹಾಗೆಯೇ ಫ್ರಿಜ್ಜಿಗಿಟ್ಟರೆ ನಡುಭಾಗ ಗಂಟೆಗಟ್ಟಲೆ ಬೆಚ್ಚಗೇ ಉಳಿಯುತ್ತದೆ, ಆದ್ದರಿಂದ ಐದು ಸೆಂಟಿಮೀಟರಿಗಿಂತ ಆಳವಿಲ್ಲದ ಡಬ್ಬಿಗಳಿಗೆ ಹಂಚಿ ಇಡಿ. ಅನ್ನವನ್ನು ಮರುದಿನವೇ ಮುಗಿಸಿ. ಇತರ ಬೆಂದ ಅಡುಗೆ ಫ್ರಿಜ್ಜಿನಲ್ಲಿ ಮೂರು ನಾಲ್ಕು ದಿನ, ಅದಕ್ಕಿಂತ ಹೆಚ್ಚಾದರೆ ಮೈನಸ್ 18 ಡಿಗ್ರಿಯ ಫ್ರೀಜರ್. ಭಾನುವಾರದ್ದನ್ನು ಶುಕ್ರವಾರ ಫ್ರಿಜ್ಜಿನಿಂದ ತೆಗೆಯುವ ಪದ್ಧತಿಯಿದ್ದರೆ ಇಂದಿಗೇ ನಿಲ್ಲಿಸಿ.

ಕೊನೆಯದಾಗಿ, ಹುಟ್ಟುಹಬ್ಬದ ಸಾಸ್. ಕೊಬ್ಬು ಕಡಿಮೆಯಿರುವ ಕೆನೆಗೆ ನಿಂಬೆರಸ ಹಾಕಿ ಕುದಿಸಿದ್ದೀರಿ ಎಂದು ನನ್ನ ಊಹೆ. ಹುಳಿ ಮತ್ತು ಶಾಖ ಎರಡೂ ಕೂಡಿದಾಗ ಹಾಲಿನ ಪ್ರೋಟೀನು ಗರಣೆಗಟ್ಟುತ್ತದೆ. 35 ಪ್ರತಿಶತಕ್ಕೂ ಹೆಚ್ಚು ಕೊಬ್ಬಿರುವ ಕೆನೆ ಬಹಳಮಟ್ಟಿಗೆ ಇದನ್ನು ತಾಳಿಕೊಳ್ಳುತ್ತದೆ, ತೆಳು ಕೆನೆಗೆ ಆ ಶಕ್ತಿಯಿಲ್ಲ. ಗರಣೆ ಕಟ್ಟಿದ್ದನ್ನು ಪೂರ್ತಿ ಹಿಂದಿನಂತೆ ಮಾಡಲಾಗದು, ಆದರೆ ಒಂದು ಚಮಚ ಮೆಕ್ಕೆಜೋಳದ ಪಿಷ್ಟವನ್ನು (ಕಾರ್ನ್ ಫ್ಲೋರ್) ತಣ್ಣೀರಿನಲ್ಲಿ ಕದಡಿ ಬೆರೆಸಿ, ಒಂದು ಕುದಿ ಬರಿಸಿ ಮಿಕ್ಸಿಯಲ್ಲಿ ತಿರುವಿದ್ದರೆ ಅತಿಥಿಗಳಿಗೆ ತಿಳಿಯುತ್ತಿರಲಿಲ್ಲ. ದೊಡ್ಡ ಔತಣವೊಂದರಲ್ಲಿ ನಾನೇ ಹಾಗೆ ಮಾನ ಉಳಿಸಿಕೊಂಡಿದ್ದೇನೆ. ಬೆಣ್ಣೆಯ ಸಾಸ್ ಎಣ್ಣೆ ಬಿಟ್ಟುಕೊಂಡರೆ ಇನ್ನೂ ಸುಲಭ: ಉರಿಯಿಂದ ಇಳಿಸಿ ಒಂದು ಚಮಚ ತಣ್ಣೀರು ಹಾಕಿ ಜೋರಾಗಿ ಕಡೆಯಿರಿ, ಮತ್ತೆ ಕೂಡಿಕೊಳ್ಳುತ್ತದೆ. ಮುಂದಿನ ಹುಟ್ಟುಹಬ್ಬಕ್ಕೆ ಕೆನೆ ದಪ್ಪನೆಯದೇ ಇರಲಿ, ಸಾಸ್ ಕುದಿಯದೆ ಅಂಚಿನಲ್ಲಿ ಸಣ್ಣಗೆ ಗುಳ್ಳೆಯೇಳುವಷ್ಟು ಮಾತ್ರ ಬಿಸಿಯಾಗಲಿ, ನಿಂಬೆರಸವನ್ನು ತಟ್ಟೆಗೆ ಬಡಿಸುವ ಮುನ್ನ ಒಲೆಯಿಂದ ಇಳಿಸಿದ ಮೇಲೆಯೇ ಹಿಂಡಿ.